ಮೈಸೂರು–ಕಣ್ಣೂರು: ಅರ್ಧ ಗಂಟೆ

"ಮಗಾ, ಮೈಸೂರಿಂದ ಕಣ್ಣೂರಿಗೆ ಎರಡು ವಿಮಾನದ ಟಿಕೆಟ್ ಮಾಡ್ಸು. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬಂದ್ಬುಡಾನ."

ಕಳೆದ ವಾರ ಶಿರಂಗಾಲದಿಂದ ಚಿಕ್ಕಪ್ಪನ ಫೋನು. ಮಡಿಕೇರಿಗೆ ಬಸ್ಸು ಹತ್ತುವುದಕ್ಕೂ ಹತ್ತು ಸಲ ಯೋಚಿಸುವ ಮನುಷ್ಯ! ಪೊನ್ನಂಪೇಟೆಯಲ್ಲಿ ಕಾಫಿ ಕುಡಿಯುತ್ತಿದ್ದ ನನಗೆ ನೆತ್ತಿಗೇರಿತು.

ವಿಷಯ ಇಷ್ಟೇ. ಚಿಕ್ಕಪ್ಪನ ಮಗಳು ರಶ್ಮಿ ಇಲ್ಲಿ ಫಾರೆಸ್ಟ್ರಿ ಓದುವಾಗ ಜೊತೆಗೆ ಓದುತ್ತಿದ್ದ ಅನೂಪನನ್ನು ಮೆಚ್ಚಿದಳು. ಹುಡುಗ ಮಲಯಾಳಿ, ಮನೆ ಕಣ್ಣೂರು ಏರ್‌ಪೋರ್ಟಿನ ಹತ್ತಿರ. ಮದುವೆ ಮಾತು ತೆಗೆದಾಗಲೆಲ್ಲ ಚಿಕ್ಕಪ್ಪನದು ಒಂದೇ ಉತ್ತರ: "ಹುಡ್ಗ ಒಳ್ಳೇವ್ನೇ. ಆದ್ರೆ ದೂರ ಆಯ್ತದೆ."

(ಹೆಣ್ಣು ಕೊಡುವ ಮಾತಿನಲ್ಲಿ 'ದೂರ' ಎಂದರೆ ಎಷ್ಟೋ ಸಲ ಕಿಲೋಮೀಟರ್ ಅಲ್ಲ. 'ಬೇಡ' ಎನ್ನುವುದನ್ನು ಮರ್ಯಾದೆಯಾಗಿ ಹೇಳುವ ರೀತಿ.)

ಹಾಸನದ ಕಡೆಯಿಂದ ಬಂದು ನೆಲೆಸಿದ ನಮ್ಮ ಮನೆತನದಲ್ಲಿ ಇದಕ್ಕೊಂದು ಅಳತೆಯೂ ಇದೆ. ಗೌರಿ ಹಬ್ಬಕ್ಕೆ ಅಪ್ಪ ಮಗಳ ಮನೆಗೆ ಬಾಗಿನ ಕೊಟ್ಟು, ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು. ಚಿಕ್ಕಮ್ಮನಿಗೆ ಹಾಲು ಕರೆಯಲು ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ. ಚಿಕ್ಕಪ್ಪ ಚೊಂಬು ಬಿಟ್ಟುಕೊಟ್ಟರೆ ತಾನೇ?

ಮಗಳು ಊಟ ಬಿಟ್ಟು ಕೂತ ದಿನ ಚಿಕ್ಕಪ್ಪ ಫೋನನ್ನೇ ಕೇಳಿದ್ದಾರೆ, ಮೈಸೂರು–ಕಣ್ಣೂರು ವಿಮಾನಕ್ಕೆ ಎಷ್ಟು ಹೊತ್ತು ಎಂದು. ಅರ್ಧ ಗಂಟೆ ಎಂದಿತು ಅದು. ಅಲ್ಲೇ ಮಗಳಿಗೆ ಮಾತು ಕೊಟ್ಟುಬಿಟ್ಟರು: "ಹೋಗಿ ಅವ್ರ ಮನೆ ನೋಡ್ಕಂಡ್ ಬತ್ತೀನಿ."

ನಾನು ಹುಡುಕಿದೆ. ಹಾಗೊಂದು ವಿಮಾನವೇ ಇಲ್ಲ! ಯಾವುದೋ ವೆಬ್‌ಸೈಟು ಮ್ಯಾಪಿನ ಮೇಲೆ ಗೆರೆ ಎಳೆದು, ಭಾಗಾಕಾರ ಮಾಡಿ ಟೈಮ್ ಹೇಳಿದೆ. ಆ ಗೆರೆ ಹಾಯುವುದೋ ಕುಟ್ಟದ ಕಡೆಯ ಕಾಫಿ ತೋಟಗಳ ಮೇಲೆ. ಅತ್ತ ಒಂದು ಏರ್‌ಪೋರ್ಟು, ಇತ್ತ ಒಂದು. ಮಧ್ಯದಲ್ಲಿ ನಾವು, ಘಾಟಿ ರಸ್ತೆಯಲ್ಲಿ ವಾಂತಿ ಮಾಡಿಕೊಂಡು.

ಚಿಕ್ಕಪ್ಪನಿಗೆ ಫೋನು ಮಾಡಿ ನಿಜ ಹೇಳಿದೆ. ರಶ್ಮಿಯ ಮದುವೆ ಇಲ್ಲಿಗೆ ನಿಂತಿತು ಎಂದುಕೊಂಡೆ.

"ಮಾತು ಕೊಟ್ಬುಟ್ಟಿವ್ನಿ," ಎಂದರು ಚಿಕ್ಕಪ್ಪ. "ನಿನ್ ಕಾರೇ ತಗಾ."

ಕಣ್ಣೂರಿನ ದಾರಿಯ ಮಾಕುಟ್ಟ ಘಾಟಿ ಇಳಿಯುವಷ್ಟೂ ಹೊತ್ತು ವಾಚು ನೋಡುತ್ತಿದ್ದರು. ನಾವು ಮೀನು ತಿನ್ನದವರೆಂದು ಅನೂಪನ ಮನೆಯಲ್ಲಿ ಅಂದು ಮೀನು ಬೇಯಿಸಿರಲಿಲ್ಲ. ಅದನ್ನು ಚಿಕ್ಕಪ್ಪ ಗಮನಿಸಿದರು. ಊಟವಾದ ಮೇಲೆ ಅನೂಪನ ಅಪ್ಪ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಆಗಷ್ಟೇ ಕರು ಹಾಕಿದ ಹಸು. ಅವರಿಗೆ ಕನ್ನಡ ಬರದು, ಇವರಿಗೆ ಮಲಯಾಳ ಬರದು. ಆದರೂ ಕೆಚ್ಚಲು, ಹಿಂಡಿ, ಹುಲ್ಲು ಅಂತ ಇಬ್ಬರ ಮಾತೂ ಮುಗಿಯಲೇ ಇಲ್ಲ. ಚಿಕ್ಕಪ್ಪ ಕರುವಿನ ಕತ್ತು ತುರಿಸುತ್ತ ಕೂತೇಬಿಟ್ಟರು.

"ಚಿಕ್ಕಪ್ಪ, ಹೊತ್ತಾಯ್ತು. ಹಾಲು ಕರೀಬೇಕಲ್ಲ?" ನಾನೇ ನೆನಪಿಸಿದೆ.

ಅವರು ಜೇಬಿನಿಂದ ಫೋನು ತೆಗೆದು ಚಿಕ್ಕಮ್ಮನಿಗೆ ಹಚ್ಚಿದರು. "ಇವ್ಳೇ, ಇವತ್ತು ಹಾಲು ನೀನೇ ಕರ್ಕೊ. ನಾವು ನಾಳೆ ಬತ್ತೀವಿ. ರಶ್ಮಿಗೂ ಹೇಳ್ಬುಡು."

ಇನ್ನು ಆ ವಿಮಾನ ಹಾರಿದರೆಷ್ಟು, ಬಿಟ್ಟರೆಷ್ಟು?