ಗೋಡೆಗೆ ಲೋಟ ಹಚ್ಚಿ ಕೇಳಿದವರು

ಹೋದ ಭಾನುವಾರ ಅಡುಗೆಮನೆಯ ಸಿಂಕಿನ ಕೆಳಗೆ ಮಂಡಿಯೂರಿ ಕೂತು, ಪೈಪು ಅಂಟಿಸುವ ಸಲ್ಯೂಷನ್ನಿನ ಡಬ್ಬಿ ತೆರೆದೆ. ಮುಚ್ಚಳ ತಿರುಗಿಸಿದ್ದೇ ತಡ, ತಲೆ ಗಿರ್ರೆನ್ನಿಸುವ ಆ ಘಾಟು ಮೂಗಿಗೆ ಹೊಡೆಯಿತು. ಕಿಟಕಿ ತೆಗೆಯಬೇಕು ಅಂತ ಎದ್ದವಳು ಎದ್ದಲ್ಲೇ ನಿಂತುಬಿಟ್ಟೆ. ಅಡ್ಯಾರಿನ ಈ ಮನೆ, ಈ ಬೀದಿ ಎಲ್ಲ ಒಂದು ಗಳಿಗೆ ಹಿಂದೆ ಸರಿದು, ಕ್ರೋಂಪೇಟೆಯ ನಮ್ಮ ಹಳೆಯ ಅಡುಗೆಮನೆ ಕಣ್ಣೆದುರು ಬಂತು. ಅಲ್ಲಿ ಸ್ಟೂಲಿನ ಮೇಲೆ ಸೆರಗು ಸಿಕ್ಕಿಸಿಕೊಂಡು ನಿಂತ ಎದುರುಮನೆ ಮಾಮಿ...

ನಾವು ಮೈಸೂರಿನಿಂದ ಮದ್ರಾಸಿಗೆ ಬಂದ ಹೊಸತು. ಮೂರು ಮಹಡಿಯ ಹಳೆಯ ಕಟ್ಟಡದಲ್ಲಿ, ನಡುಮಹಡಿಯಲ್ಲಿ ಒಂದು ಮನೆ ಕೊಂಡಿದ್ದೆವು. ನನಗೆ ತಮಿಳು ಬಾರದು. ನಮ್ಮ ಬಾಗಿಲಿಗೆ ಎದುರು ಬಾಗಿಲು ಮಾಮಿಯದು. ನಾಲ್ಕು ತಲೆಮಾರಿನಿಂದ ಅಲ್ಲೇ ನೆಲೆಸಿದ ವೈಷ್ಣವ ಕುಟುಂಬ. ಮನೆಮಾತು ಕನ್ನಡವೇ, ಆದರೆ ಅರ್ಧಕ್ಕರ್ಧ ತಮಿಳು ಕಲೆಸಿದ ಕನ್ನಡ. ಅವರ ಮಗಳು ನುಂಗಂಬಾಕ್ಕಂನ ಯಾವುದೋ ಆಫೀಸಿಗೆ ಬೆಳಿಗ್ಗೆ ರೈಲು ಹಿಡಿದು ಹೋದರೆ ಬರುವುದು ಸಂಜೆಗೆ. ಮಾಮಿ ಮಾತ್ರ ನಿವೃತ್ತರು. ಅದೂ ಎಲ್ಲಿಂದ ಅಂತೀರಿ, ಒಂದು ತೊಗಲು ಹದಮಾಡುವ ಕಾರ್ಖಾನೆಯ ಲ್ಯಾಬಿನಿಂದ. ಚರ್ಮದಲ್ಲಿ ಎಷ್ಟು ತೇವ ಉಳಿದಿದೆ ಎಂದು ಅಳೆಯುವುದು ಅವರ ಕೆಲಸವಾಗಿತ್ತಂತೆ. ಮಡಿ ಮನೆಯಿಂದ ಹೋಗಿ ಆ ಕೆಲಸಕ್ಕೆ ಸೇರಿದ್ದು ಹೇಗೆ ಎಂದು ನಾನು ಕೇಳಿದ್ದೆ. ಮೊದಲ ತಿಂಗಳು ನಾನು ಬಚ್ಚಲಿಗೆ ಹೋಗಿ ಮಿಂದು ಬರದೆ ಅಮ್ಮ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಆಮೇಲೆ ಸಂಬಳ ಒಳಗೆ ಬಂತು, ನಾನೂ ಬಂದೆ ಎಂದು ನಕ್ಕಿದ್ದರು.

ಪರಿಚಯವಾದದ್ದು ಒಂದು ನಲ್ಲಿಯಿಂದ. ತೊಟ್ಟಿಕ್ಕುತ್ತಿದ್ದ ನಲ್ಲಿಗೆ ಪ್ಲಂಬರ್ ಬರುತ್ತೇನೆಂದು ಮೂರು ದಿನ ಕಾಯಿಸಿದ್ದ. ಸದ್ದು ಕೇಳಿ ಬಂದ ಮಾಮಿ, ನೀನೇ ಒಮ್ಮೆ ಬಿಚ್ಚಿ ನೋಡಿದೆಯಾ ಎಂದು ಕೇಳಿದರು. ನನಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಅವರು ಮೊದಲು ವಾಲ್ವ್ ಮುಚ್ಚಿಸಿದರು. ಸಿಂಕಿನ ತೂತಿಗೆ ಬಟ್ಟೆ ತುರುಕಿಸಿದರು, ಸ್ಕ್ರೂ ಬಿದ್ದರೆ ಒಳಗೆ ಹೋಗದ ಹಾಗೆ. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಟವೆಲಿನ ಮೇಲೆ ಸಾಲಾಗಿ ಇಡಿಸಿದರು. ಕೊನೆಗೆ ಸಿಕ್ಕಿದ್ದು ಸವೆದು ಹೋದ ಒಂದು ರಬ್ಬರಿನ ಬಿಲ್ಲೆ. ಅದನ್ನು ಬೆಳಕಿಗೆ ಹಿಡಿದು, ಪಕ್ಕ ತಿರುಗಿಸಿ, ಎಷ್ಟು ಹೊತ್ತು ನೋಡಿದರು! ಹೊಸದು ಹಾಕಿದರೆ ಮುಗಿಯಿತಲ್ಲ ಅಂದೆ. ಇದು ಒಂದೇ ಕಡೆ ಯಾಕೆ ಸವೆದಿದೆ ಅಂತ ನೋಡುತ್ತಿದ್ದೇನೆ ಅಂದರು. ನಲ್ಲಿಯೊಳಗೆ ಬಿಲ್ಲೆ ಕೂರುವ ಜಾಗ ಓರೆಯಾಗಿತ್ತು. ಅದನ್ನು ಉಜ್ಜಿ ಸರಿಮಾಡದೆ ಹೊಸ ಬಿಲ್ಲೆ ಹಾಕಿದ್ದರೆ ಆರು ತಿಂಗಳಿಗೆ ಮತ್ತೆ ಅದೇ ಕಥೆಯಾಗುತ್ತಿತ್ತು.

ಅಲ್ಲಿಂದ ನಾನು ಅವರ ಹಿಂದೆ ಬಿದ್ದೆ. ಫ್ಯೂಸು, ಬಾಗಿಲ ಕೀಲು, ಬಣ್ಣ ಬಳಿಯುವ ಮುಂಚೆ ಗೋಡೆ ತಿಕ್ಕುವುದು... ಒಂದೊಂದೇ ಕಲಿತೆ. ಅಡುಗೆಮನೆಯಲ್ಲಿ ಅಟ್ಟದೆತ್ತರಕ್ಕೆ ಒಂದು ಶೆಲ್ಫ್ ಬೇಕೆಂದಾಗ ಡ್ರಿಲ್ ಹಿಡಿದು ಬಂದವರೂ ಅವರೇ. ನಲ್ಲಿಯ ನೇರಕ್ಕೆ ಮೇಲಾಗಲೀ ಕೆಳಗಾಗಲೀ ತೂತು ಕೊರೆಯಬಾರದು, ಪೈಪು ಸಾಮಾನ್ಯವಾಗಿ ಹಾಗೇ ಇಳಿದಿರುತ್ತದೆ ಎಂದು ಹೇಳಿ, ನಲ್ಲಿಯಿಂದ ಎರಡು ಗೇಣು ಬಿಟ್ಟು ಗುರುತು ಹಾಕಿದರು. ನಾಲ್ಕು ತೂತನ್ನೂ ಅವರೇ ಕೊರೆದರು. ಶೆಲ್ಫ್ ಗಟ್ಟಿಯಾಗಿ ಕೂತಿತು.

ನಾಲ್ಕೈದು ತಿಂಗಳ ಮೇಲೆ, ಅಡುಗೆಮನೆಗೆ ಬೆನ್ನು ಮಾಡಿದ ಮಲಗುವ ಕೋಣೆಯ ಗೋಡೆಯಲ್ಲಿ, ಸೂರಿಗೆ ಸ್ವಲ್ಪ ಕೆಳಗೆ, ಒಂದು ತೇವದ ಕಲೆ ಕಾಣಿಸಿತು. ಮೊದಲು ಅಂಗೈಯಗಲ. ಆಮೇಲೆ ತಟ್ಟೆಯಗಲ. ಬಣ್ಣ ಉಬ್ಬಿ ಉದುರತೊಡಗಿತು. ಮೇಲುಮನೆಯ ಬಚ್ಚಲು ಸರಿಯಾಗಿ ಅದರ ನೆತ್ತಿಯ ಮೇಲೆ. ಇನ್ನೇನು ಬೇಕು? ನನ್ನ ಗಂಡ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಆತ ಒಂದೇ ನೋಟಕ್ಕೆ, ಮೇಲಿನ ಬಚ್ಚಲ ನೆಲ ಪೂರ್ತಿ ಅಗೆಯಬೇಕು, ಹದಿನೈದು ದಿನದ ಕೆಲಸ ಅಂದ. ಮೇಲುಮನೆಯ ಯಜಮಾನರು ಆಗುವುದಿಲ್ಲ ಅಂದರು. ಅವರ ತಂದೆಗೆ ಲಕ್ವ ಹೊಡೆದಿತ್ತು. ಮುದುಕರು ಹಿಡಿಕೆ ಹಿಡಿದು ಹೋಗಬಲ್ಲ ಬಚ್ಚಲು ಅದೊಂದೇ. ಮೆಟ್ಟಿಲ ಮೇಲೆ ಮಾತಿಗೆ ಮಾತು ಬೆಳೆಯಿತು. ನಿಮ್ಮ ನೀರು ನಮ್ಮ ಗೋಡೆ ತಿನ್ನುತ್ತಿದೆ ಎಂದು ನಾನೂ ಕನ್ನಡದಲ್ಲೇ ಕೂಗಿದೆ. ಆಮೇಲೆ ಮೂರು ವಾರ ಎದುರಾದರೂ ಮುಖ ನೋಡಲಿಲ್ಲ.

ಮಾಮಿ ಒಂದು ದಿನ ಬಂದು ಗೋಡೆ ಮುಟ್ಟಿ ನೋಡಿದರು.

"ಸುಮ್ನೆ ಒಡೀಬೇಡ ಕಣ್ಣಾ. ಮೊದಲು ಗೋಡೇನ ಕೇಳೋಣ. ಒಡೆಯೋದು ಅಪ್ಪುರಂ."

ಆಮೇಲಿನ ಹತ್ತು ದಿನ ನನ್ನ ಮನೆ ಲ್ಯಾಬಾಯಿತು. ಅಡುಗೆಗೆ ಬಳಸುವ ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು ಕಲೆಯ ಮೇಲೆ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿದರು. ಎರಡು ದಿನ ಬಿಟ್ಟು ಕಿತ್ತಾಗ ಗೋಡೆಯ ಕಡೆಗೆ ಹನಿ ಕೂತಿತ್ತು, ಹೊರಗಡೆ ಒಣಗಿತ್ತು. ಅಂದರೆ ಕೋಣೆಯ ಸೆಕೆಯಿಂದಲ್ಲ, ಗೋಡೆಯ ಒಳಗಿನಿಂದಲೇ ಬರುತ್ತಿರುವ ನೀರು. ನಂತರ ಮೇಲುಮನೆಗೆ ಹೋಗಿ, ಅದೇನು ಮಾತಾಡಿದರೋ, ಒಪ್ಪಿಸಿ ಬಂದರು. ಮುದುಕರ ಸ್ನಾನ ಮುಗಿದ ಮೇಲೆ ಬಚ್ಚಲ ಮೋರಿಗೆ ಬಟ್ಟೆ ತುರುಕಿ, ನೆಲದ ಮೇಲೆ ಬೆರಳುದ್ದ ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಕದಡಿದರು. ಮರುದಿನದವರೆಗೂ ಬಿಟ್ಟರು. ನಮ್ಮ ಕಲೆ ನೀಲಿಯಾಗಲಿಲ್ಲ. ನನಗೆ ನಿಜವಾಗಿ ನಿರಾಸೆಯಾಯಿತು.

ಕೊನೆಗೆ ತಾರಸಿಗೆ ಹತ್ತಿ ನಮ್ಮ ಅಡುಗೆಮನೆಗೆ ಇಳಿಯುವ ವಾಲ್ವನ್ನೇ ಮುಚ್ಚಿದೆವು. ಎರಡು ದಿನ ಬಚ್ಚಲಿನಿಂದ ನೀರು ಹೊತ್ತು ಅಡುಗೆ ಮಾಡಿದೆ. ಕಲೆಯ ಅಂಚು ಒಣಗಲು ಶುರುವಾಯಿತು. ಮೂರನೆಯ ದಿನ ಮಾಮಿ ಸ್ಟೀಲಿನ ಲೋಟವೊಂದನ್ನು ಅಡುಗೆಮನೆಯ ಗೋಡೆಗೆ ಬೋರಲು ಹಚ್ಚಿ, ಅದರ ತಳಕ್ಕೆ ಕಿವಿ ಕೊಟ್ಟು ಸ್ಟೂಲಿನ ಮೇಲೆ ನಿಂತರು. ನನ್ನನ್ನು ತಾರಸಿಗೆ ಕಳಿಸಿ, ವಾಲ್ವ್ ತೆರೆದು ಬಾ ಎಂದರು. ನಾನು ಇಳಿದು ಬಂದಾಗ ಲೋಟವನ್ನು ಗೋಡೆಯುದ್ದಕ್ಕೂ ಒಂದೊಂದೇ ಗೇಣು ಸರಿಸುತ್ತಿದ್ದರು. ಶೆಲ್ಫಿನ ಬಲಗಡೆಯ ಸ್ಕ್ರೂ ಹತ್ತಿರ ಬಂದಾಗ ನಿಂತರು. ಬಹಳ ಹೊತ್ತು ಹಾಗೇ... ಆಮೇಲೆ ಲೋಟ ನನಗೆ ಕೊಟ್ಟರು. ನಾನೂ ಹತ್ತಿ ಕೇಳಿದೆ. ಸುಯ್ಯೆಂಬ ಸಣ್ಣ ಸದ್ದು, ಯಾರೋ ಹಲ್ಲಿನ ಸಂದಿಯಲ್ಲಿ ಉಸಿರೆಳೆದ ಹಾಗೆ.

ಆಮೇಲೆ ಗೋಡೆ ಒಡೆದಾಗ ಕಂಡ ಹಾಗೆ, ಹಿಂದಿನ ಮಾಲೀಕರು ಯಾವಾಗಲೋ ಪೈಪು ಬದಲಿಸುವಾಗ ಅದನ್ನು ಅಡ್ಡಡ್ಡ ಒಯ್ದಿದ್ದರು. ಮಾಮಿ ಕೊರೆದ ತೂತು ಅದರ ಅಂಚನ್ನು ಸವರಿತ್ತು. ಸ್ಕ್ರೂ ತಾನೇ ಬಿರಡೆಯಂತೆ ಕೂತದ್ದರಿಂದ ನೀರು ಚಿಮ್ಮಲಿಲ್ಲ. ಅಷ್ಟೂ ತಿಂಗಳು ಒಳಗೊಳಗೇ ಜಿನುಗಿತ್ತು.

ನಾನು ಸ್ಟೂಲಿನಿಂದ ಇಳಿದದ್ದೇ ಮಾಮಿ ಅದರ ಮೇಲೆ ಕೂತರು. ಅವರ ಮುಖ ಅಷ್ಟು ಬಿಳಿಚಿದ್ದನ್ನು ನಾನು ನೋಡಿರಲಿಲ್ಲ. ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಕೇಳುತ್ತಿದ್ದದ್ದು ಅವರನ್ನೇ. ನನಗೆ ತಡೆಯಲಾಗದೆ, ಪೈಪು ಹಳೆಯದಾಗಿ ಒಡೆದಿತ್ತು ಅಂತ ಹೇಳಿಬಿಡೋಣ ಮಾಮಿ, ಯಾರು ನೋಡುತ್ತಾರೆ ಅಂದೆ.

"ಬಂದ ರಿಸಲ್ಟನ್ನೇ ಬರೀಬೇಕಮ್ಮಾ," ಅಂದರು. "ನಮಗೆ ವೇಣುಂಗಿರೋದನ್ನ, ಬೇಕಾದ್ದನ್ನ ಬರೆಯೋದಾದ್ರೆ ಟೆಸ್ಟ್ ಯಾಕೆ ಮಾಡ್ಬೇಕು?"

ಆ ಸಂಜೆಯೇ ಮೇಲುಮನೆಗೆ ಹೋದೆವು. ಕೂಗಾಡಿದವಳು ನಾನು, ಮಾಮಿಯ ಹಿಂದೆ ಹಿಂದೆಯೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಯಜಮಾನರಿಗೆ ಮಾಮಿ ನಿಂತಲ್ಲೇ ಹೇಳಿದರು.

"ತಪ್ಪು ಎನ್ನೋಡದು ಸಾರ್. ನಾನೇ ಓಟೆ ಹಾಕಿದ್ದು."

ಒಂದೇ ಉಸಿರಿಗೆ ತಮಿಳೂ ಕನ್ನಡವೂ ಬೆರೆತು ಬಂತು. ಯಾವ ತೂತು, ಯಾವಾಗ ಕೊರೆದದ್ದು, ಪೈಪು ಎಲ್ಲಿದೆ ಎಂದುಕೊಂಡು ತಾನು ಎಡವಿದ್ದು, ಲೋಟ ಹಚ್ಚಿ ಕಂಡುಹಿಡಿದದ್ದು, ಎಲ್ಲವನ್ನೂ ತಮಿಳಿನಲ್ಲಿ ಬಿಡಿಸಿ ಹೇಳಿದರು. ನಾನು ಗೊತ್ತಿದ್ದ ನಾಲ್ಕು ತಮಿಳು ಪದಗಳಲ್ಲಿ ಕ್ಷಮೆ ಕೇಳಿದೆ. ಯಜಮಾನರು ಒಳಗಿಂದ ಎರಡು ಕುರ್ಚಿ ತಂದು ಹಾಕಿದರು. ಮೂಲೆಯಲ್ಲಿ ಮಂಚದ ಮೇಲಿದ್ದ ಅವರ ತಂದೆ ಏನೋ ಕೇಳಿದರು, ಮಗ ಬಗ್ಗಿ ಕಿವಿಯಲ್ಲಿ ವಿವರಿಸಿದ. ಮುದುಕರು ವಾರೆ ತುಟಿಯಲ್ಲೇ ನಕ್ಕು, ಆ ಲೋಟ ತಂದು ತೋರಿಸಿ ಅಂದರಂತೆ.

ಗೋಡೆ ಒಡೆದದ್ದು ಒಂದು ಮೊಳದಷ್ಟು ಮಾತ್ರ. ಹಾಳಾದ ತುಂಡು ಕತ್ತರಿಸಿ ಹೊಸದು ಜೋಡಿಸಬೇಕಿತ್ತು. ಮಾಮಿ ಗರಗಸವನ್ನು ನನ್ನ ಕೈಗೆ ಕೊಟ್ಟರು. ಕತ್ತರಿಸಿದ ಅಂಚನ್ನು ಉಜ್ಜು, ತೇವ ಒರೆಸು, ಎರಡೂ ಕಡೆಗೆ ಸಲ್ಯೂಷನ್ ಸವರು, ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸು, ಮೂವತ್ತು ಎಣಿಸುವವರೆಗೆ ಕೈ ಬಿಡಬೇಡ... ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಅವರು ಡ್ರಿಲ್ ಮುಟ್ಟಲಿಲ್ಲ. ಆಮೇಲೆ ಎಷ್ಟೋ ದಿನ ಮುಟ್ಟಲಿಲ್ಲ.

ಮತ್ತೆ ಮುಟ್ಟಿಸಿದವರು ಮೇಲುಮನೆಯ ಯಜಮಾನರು. ತಂದೆಗೆ ಬಚ್ಚಲಲ್ಲಿ ಇನ್ನೊಂದು ಹಿಡಿಕೆ ಬೇಕು, ನೀವೇ ಹಾಕಿಕೊಡಬೇಕು ಎಂದು ಅವರೇ ಇಳಿದು ಬಂದು ಕೇಳಿದರು. ಮಾಮಿ ಒಂದು ವಾರ ಸಮಯ ಕೇಳಿದರು. ಆ ವಾರವೆಲ್ಲ ಕಟ್ಟಡದ ಆರೂ ಮನೆಗಳಿಗೆ ಹೋಗಿ ಗೋಡೆಗೆ ಕಿವಿ ಕೊಟ್ಟರು, ಗೀಸರ್ ಹಾಕಿಸಿ ಬಿಸಿನೀರು ಹರಿಯುವ ಜಾಗವನ್ನು ಅಂಗೈಯಿಂದ ತಡವಿದರು. ನಾನು ಕಾಗದ ಹಿಡಿದು ಹಿಂದೆಯೇ. ಕೊನೆಗೆ ಇಡೀ ಕಟ್ಟಡದ ಪೈಪುಗಳ ನಕ್ಷೆ ತಯಾರಾಯಿತು; ಅದರ ಒಂದೊಂದು ನಕಲು ಎಲ್ಲ ಮನೆಗೂ ಹೋಯಿತು. ಹಿಡಿಕೆ ಹಾಕುವ ದಿನ ಮಾಮಿ ನಕ್ಷೆಯನ್ನು ಇನ್ನೊಮ್ಮೆ ನೋಡಿ ಡ್ರಿಲ್ ಹಿಡಿದರು. ಕೊರೆದ ತೂತು ಒಣಗಿಯೇ ಇತ್ತು.

ಕಳೆದ ವರ್ಷ ನಾವು ಅಡ್ಯಾರಿಗೆ ಬಂದೆವು. ಈ ಮನೆಯೂ ಹಳೆಯದೇ. ಹೊರಡುವ ದಿನ ಮಾಮಿ, ಅಲ್ಲಿ ಪೈಪು ಯಾವ ಕಡೆ ಹೋಗಿದೆಯೋ ನೋಡಬೇಕು, ನನ್ನನ್ನು ಒಂದು ಸಲ ಕರ್ಕೊಂಡು ಹೋಗು ಅಂದಿದ್ದರು. ಫೋನಿನಲ್ಲೂ ಎರಡು ಸಲ ಕೇಳಿದರು. ಎರಡು ಸಲವೂ ನಾನು, ಬಣ್ಣ ಇನ್ನೂ ಆಗಿಲ್ಲ ಮಾಮಿ, ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಮನೆ ಒಂದು ರೂಪಕ್ಕೆ ಬರಲಿ ಅಂದೆ. ಎರಡು ತಿಂಗಳ ಹಿಂದೆ ಅವರ ಮಗಳು ಫೋನ್ ಮಾಡಿದಳು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಅಡ್ಯಾರಿನಿಂದ ಕ್ರೋಂಪೇಟೆ ಎಷ್ಟು ದೂರ... ಒಂದು ಆಟೋ ಹಿಡಿದರೆ ಆಗುತ್ತಿತ್ತು.

ಈಗ ಬಣ್ಣವಾಗಿದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಬಂದವರೆಲ್ಲ ಮನೆ ಚೆನ್ನಾಗಿದೆ ಅನ್ನುತ್ತಾರೆ. ಮಾಮಿಗೆ ನೋಡಬೇಕಿದ್ದದ್ದು ಇನ್ನೂ ಸರಿಹೋಗದ ಮನೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.