ಬೀಗದೊಳಗೆ ಕರಗಿದ ಉಪ್ಪು

ಐಸ್ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವರಿಗೆ ಅಲ್ಲಿನ ಹಮಾಲರು ಇಟ್ಟ ಹೆಸರು ಉಪ್ಪಿನ ಪಂಡಿತರು. ಇಟ್ಟವರು ಕುಚೋದ್ಯಕ್ಕೆ ಇಟ್ಟಿದ್ದರು, ಇಡಿಸಿಕೊಂಡವರು ಬಿರುದೆಂದು ಸ್ವೀಕರಿಸಿದ್ದರು. ಹೀಗಾಗಿ ಎರಡೂ ಕಡೆಯವರಿಗೆ ಸಮಾಧಾನವಿತ್ತು.

ಬಿರುದು ಪೂರ್ತಿ ಸುಳ್ಳೂ ಅಲ್ಲ. ಮೀಸೆ ಚಿಗುರುವ ಮೊದಲೇ ಅವರು ಉಪ್ಪಿನ ಮಂಡಿಯೊಂದರಲ್ಲಿ ಕೆಲಸಕ್ಕೆ ನಿಂತವರು. ಮೂಟೆಯೊಳಗೆ ಕೈಯಿಳಿಸಿ, ಒಂದು ಹರಳನ್ನು ಬೆರಳ ನಡುವೆ ಉಜ್ಜಿ, ನಾಲಿಗೆಯ ತುದಿಗೆ ತಾಗಿಸಿ, ಇದು ಹೋದ ಬೇಸಿಗೆಯದೋ ಈ ಬೇಸಿಗೆಯದೋ ಎಂದು ತೀರ್ಪು ಕೊಡುತ್ತಿದ್ದರು. ತೀರ್ಪು ಸರಿಯೇ ಎಂದು ಪರೀಕ್ಷಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದು ತಪ್ಪಾದದ್ದೂ ಇಲ್ಲ. ಮಂಡಿಯ ಯಜಮಾನರು ಕಣ್ಣು ಮುಚ್ಚಿದ ಮೇಲೆ ಅವರ ಮಕ್ಕಳು ಮಂಡಿ ಮುಚ್ಚಿದರು. ಪಂಡಿತರು ಐಸ್ ಕಾರ್ಖಾನೆ ಸೇರಿದರು.

ಐಸಿಗೂ ಉಪ್ಪಿಗೂ ಏನು ನಂಟು ಎಂದು ಕೇಳಿದವನು ಕೆಟ್ಟ. ಪಂಡಿತರು ಅವನನ್ನು ಕೂರಿಸಿಕೊಂಡು ಪಾಠ ಶುರು ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ಉಪ್ಪುನೀರು ತುಂಬಿದ ದೊಡ್ಡ ತೊಟ್ಟಿಯಿದೆ. ಯಂತ್ರ ಆ ನೀರಿನ ಬಿಸಿಯನ್ನೆಲ್ಲ ಹೀರುತ್ತದೆ. ಸಾದಾ ನೀರು ಗಡ್ಡೆ ಕಟ್ಟುವಷ್ಟು ತಣ್ಣಗಾದರೂ ಉಪ್ಪುನೀರು ಜಪ್ಪಯ್ಯ ಅನ್ನುವುದಿಲ್ಲ, ನೀರಾಗಿಯೇ ಇರುತ್ತದೆ. ಸಿಹಿನೀರು ತುಂಬಿದ ತಗಡಿನ ಡಬ್ಬಗಳನ್ನು ಅದರಲ್ಲಿ ಇಳಿಬಿಟ್ಟರೆ ಡಬ್ಬದೊಳಗಿನ ನೀರು ಕಲ್ಲಾಗುತ್ತದೆ. ಇದನ್ನೆಲ್ಲ ಪಂಡಿತರು ತಾವೇ ಕಂಡುಹಿಡಿದವರ ಸಂಕೋಚದಿಂದ ಹೇಳುತ್ತಿದ್ದರು.

ಉಗ್ರಾಣದಲ್ಲಿ ಅವರದೊಂದೇ ಕಾನೂನು. ಉಪ್ಪಿನ ಮೂಟೆ ಬಂದ ತಕ್ಷಣ ಬಾಯಿ ಬಿಚ್ಚಿಡಬೇಕು, ಕಿಟಕಿ ತೆರೆದಿಡಬೇಕು.

“ಉಪ್ಪಿಗೂ ಉಸಿರು ಬೇಕು ಕಣ್ರೋ. ಬಾಯಿ ಕಟ್ಟಿದ್ರೆ ಬೆವರುತ್ತೆ,” ಎನ್ನುತ್ತಿದ್ದರು.

ಹೀಗಿರುವಾಗ ಕಾರ್ಖಾನೆಗೆ ಹೊಸ ಉಪ್ಪು ಬಂತು. ಕಾರ್ಖಾನೆಯ ಯಜಮಾನರಿಗೆ ಮೊಣಕಾಲು ನೋವು ಹೆಚ್ಚಾಗಿ ಅವರ ಮಗಳು ಆಡಳಿತ ವಹಿಸಿಕೊಂಡಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಮಾಮೂಲಿ ಉಪ್ಪು ಸಾಕು, ಇನ್ನು ಮುಂದೆ ಕ್ಯಾಲ್ಸಿಯಂ ಕ್ಲೋರೈಡ್ ಎಂದು ಮೇಡಂ ತೀರ್ಮಾನಿಸಿದರು. ಅದರ ನೀರು ಇನ್ನೂ ಎಷ್ಟೋ ತಣ್ಣಗಾಗುವವರೆಗೆ ಗಡ್ಡೆ ಕಟ್ಟುವುದಿಲ್ಲ. ಬಿಳಿ ಚಕ್ಕೆಗಳು ತುಂಬಿದ ಮೂಟೆಗಳು ಇಳಿದವು. ಮೇಡಂ ಪಂಡಿತರನ್ನು ಕರೆದು ಹೇಳಿದರು:

“ಇದು ಅಡುಗೆ ಉಪ್ಪಲ್ಲ, ನಾಲಿಗೆಗೆ ಹಚ್ಚಬೇಡಿ. ಕೈಗವಸು, ಕನ್ನಡಕ ಹಾಕ್ಕೊಂಡೇ ಮುಟ್ಟಬೇಕು. ಕಣ್ಣಿಗೆ ಬಿದ್ರೆ ತುಂಬಾ ಹೊತ್ತು ನೀರಲ್ಲಿ ತೊಳೀಬೇಕು. ಕರಗಿಸುವಾಗ ಮೊದಲು ನೀರು, ಆಮೇಲೆ ಉಪ್ಪು, ಸ್ವಲ್ಪ ಸ್ವಲ್ಪವಾಗಿ. ಮೂಟೆಗಳ ಬಾಯಿ ಬಿಗಿಯಾಗಿ ಕಟ್ಟಿಡಿ.”

ಪಂಡಿತರು ಮಾತಿಗೊಮ್ಮೆ ತಲೆಯಾಡಿಸಿದರು. ಅವರು ತಲೆಯಾಡಿಸುತ್ತಿದ್ದುದು ಮಾತು ಒಳಗಿಳಿಯಲಿ ಎಂದಲ್ಲ, ಬೇಗ ಮುಗಿಯಲಿ ಎಂದು. ನಿನ್ನೆ ಮೊನ್ನೆ ಬಂದ ಹುಡುಗಿ ತಮಗೆ ಉಪ್ಪಿನ ಬಗ್ಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗಲ್ಲವೆ? ಮೇಡಂ ಪರವೂರಿಗೆ ಹೊರಟ ದಿನವೇ ಹಮಾಲರನ್ನು ಸುತ್ತ ನಿಲ್ಲಿಸಿಕೊಂಡು, ಬಕೆಟ್ಟಿಗೆ ಒಂದಷ್ಟು ಚಕ್ಕೆ ಸುರಿದು, ಮೇಲಿಂದ ಚೊಂಬಿನಲ್ಲಿ ನೀರು ಹೊಯ್ದರು.

ಬಕೆಟ್ಟು ಬುಸುಗುಟ್ಟಿತು. ಆವಿಯೆದ್ದು ಒಂದೆರಡು ಬಿಸಿ ಹನಿಗಳು ಪಂಡಿತರ ಮುಂಗೈಗೆ ಚಟ್ಟನೆ ಸಿಡಿದವು. ಕೈಗವಸು ಗೂಟದಲ್ಲಿ ನೇತಾಡುತ್ತಿತ್ತು.

“ಪಂಡಿತರೇ, ಇದನ್ನ ತಂದಿದ್ದು ಐಸ್ ಮಾಡೋಕೋ, ಟೀ ಕಾಯ್ಸೋಕೋ?” ಎಂದ ಹಿರಿಯ ಹಮಾಲ.

“ಹೊಸ ಅಳಿಯ ಇದ್ದ ಹಾಗೆ,” ಎಂದರು ಪಂಡಿತರು ಕೈಯನ್ನು ನಲ್ಲಿಗೆ ಒಡ್ಡುತ್ತ. “ಮೊದಮೊದಲು ಬಿಸಿ. ಆಮೇಲೆ ತಾನೇ ತಣ್ಣಗಾಗುತ್ತೆ.”

ಉತ್ತರ ಹಮಾಲರಿಗೆ ಸಾಕಾಯಿತು, ಪಂಡಿತರಿಗೆ ಸಾಕಾಗಲಿಲ್ಲ. ತಣ್ಣಗೆ ಮಾಡಬೇಕಾದ ಉಪ್ಪು ಬಿಸಿಯಾಗುವುದೆಂದರೇನು? ಹೋಗಲಿ, ಉಸಿರಾಡಿದರೆ ಸರಿಹೋದೀತು ಎಂದು ಕೆಲವು ಮೂಟೆಗಳ ಬಾಯಿ ಬಿಚ್ಚಿಸಿದರು, ಕಿಟಕಿ ತೆಗೆಸಿದರು.

ಆ ವಾರವಿಡೀ ಮೋಡ. ಒಣಹಾಕಿದ ಬಟ್ಟೆ ಒಣಗದ ಹವೆ. ಮೊದಲು ಚಕ್ಕೆಗಳು ಒಂದಕ್ಕೊಂದು ಅಂಟಿಕೊಂಡವು. ಮರುದಿನ ಗಂಜಿಯಾದವು. ಅದರ ಮರುದಿನ ಮೂಟೆಯ ಬುಡದಿಂದ ನೀರು ಹರಿದು ಬಾಗಿಲವರೆಗೆ ಬಂತು. ಅದು ಒಣಗಲೂ ಇಲ್ಲ, ಎಣ್ಣೆಯ ಹಾಗೆ ನೆಲಕ್ಕೆ ಕಚ್ಚಿಕೊಂಡು ಕೂತಿತು. ಬಾಯಿ ಕಟ್ಟಿಯೇ ಇದ್ದ ಉಳಿದ ಮೂಟೆಗಳನ್ನೂ ಪಂಡಿತರು ಬಿಚ್ಚಿದರು. ಟೇಬಲ್ ಫ್ಯಾನ್ ತಂದು ಗಾಳಿ ಬೀಸಿದರು. ಗಾಳಿ ಬೀಸಿದಷ್ಟೂ ನೀರು ಹೆಚ್ಚಿತು. ಆ ನೀರು ತುಳಿದು ಓಡಾಡಿದ ಅವರ ಚರ್ಮದ ಚಪ್ಪಲಿ ಸೆಟೆದು ಹಲಗೆಯಂತಾಯಿತು.

ಒಂದು ಮೂಟೆಯನ್ನು ತಕ್ಕಡಿಗೆ ಏರಿಸಿ ನೋಡಿದರು. ತೂಕ ಕಡಿಮೆಯಾಗಿರಲಿಲ್ಲ. ಬದಲಿಗೆ ಒಂದಿಷ್ಟು ಜಾಸ್ತಿಯೇ ಇತ್ತು.

ಆಗ ಪಂಡಿತರ ತಲೆಯಲ್ಲಿ ಹಳೆಯ ಮಂಡಿಯ ದೀಪ ಹತ್ತಿತು. ಅಲ್ಲಿ ಕಳ್ಳರು ಮಾಡುತ್ತಿದ್ದ ಕೈಚಳಕವೇ ಇದು: ಮೂಟೆಯಿಂದ ಉಪ್ಪು ತೆಗೆಯುವುದು, ತೂಕ ತಪ್ಪದಂತೆ ನೀರು ಹೊಯ್ಯುವುದು. ಕಳ್ಳ ಉಗ್ರಾಣದೊಳಗೇ ಇದ್ದಾನೆ.

ಬಾಗಿಲಾಚೆ ನೋಡಿದರೆ ಕಾವಲುಗಾರ ಬಕೆಟ್ ಹಿಡಿದು ನಿಂತಿದ್ದ.

ಕಾವಲುಗಾರ ಬೇರೆ ಯಾರೂ ಅಲ್ಲ, ಪಂಡಿತರ ಹೆಂಡತಿಯ ತಮ್ಮ. ಕೆಲಸ ಕೊಡಿಸಿದವರೂ ಪಂಡಿತರೇ. ಅವರದೇ ಮನೆಯ ಹಿಂಬದಿಯ ಕೋಣೆಯಲ್ಲಿ ಹೆಂಡತಿ ಮತ್ತು ಕೈಗೂಸಿನೊಂದಿಗೆ ಇದ್ದ.

“ಬಕೆಟ್‌ನಲ್ಲಿ ಏನೋ ಅದು?”

“ನೀರು ಭಾವ.”

“ಯಾಕೆ?”

“ನೆಲ ಒರೆಸೋಕೆ. ಜಾರುತ್ತೆ. ಬೆಳಿಗ್ಗೆ ಒಬ್ಬ ಬಿದ್ದ.”

“ಕಾವಲುಗಾರ ಯಾವತ್ತಿಂದ ನೆಲ ಒರೆಸೋಕೆ ಶುರು ಮಾಡಿದ?”

“ಬಿದ್ದವನನ್ನ ಎತ್ತಿ ಕೂರಿಸಿದಾಗಿಂದ.”

ಹಮಾಲರು ನಕ್ಕರು. ಆ ನಗು ಪಂಡಿತರಿಗೆ ಮುಂಗೈಯ ಬೊಕ್ಕೆಗಿಂತ ಹೆಚ್ಚು ಉರಿಯಿತು.

“ಉಪ್ಪು ತಿಂದೋನು ನೀರು ಕುಡೀಲೇಬೇಕು ಕಣಯ್ಯಾ. ಮೇಡಂ ಬರೋ ತನಕ ನೀನು ಮನೇಲಿರು. ಆಮೇಲೆ ಅವರೇ ನೋಡ್ಕೋತಾರೆ.”

ಭಾವಮೈದುನ ಬಕೆಟ್ಟನ್ನು ಕೆಳಗಿಟ್ಟ. ಹಮಾಲರನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ. ಗೇಟು ದಾಟಿ ಹೊರಟುಹೋದ.

ಮನೆಯಲ್ಲಿ ಹೆಂಡತಿ ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟರು.

“ನನ್ನ ತಮ್ಮ ಕಳ್ಳನಾ?”

“ನಾನು ಹಾಗಂದ್ನಾ?”

“ಗಾದೆ ಹೇಳಿ ಕಳಿಸಿದ್ರಂತೆ. ನೇರವಾಗಿ ಹೇಳೋಕೆ ಧೈರ್ಯ ಇಲ್ದೋರು ತಾನೇ ಗಾದೆ ಹೇಳೋದು.”

“ನಂಟ ಅಂತ ಬಿಟ್ಬಿಟ್ರೆ ನಾಳೆ ನನ್ನ ಮರ್ಯಾದೆ ಏನಾಗ್ಬೇಕು?”

“ಅಲ್ಲಾ ರೀ, ಆ ಉಪ್ಪು ಅಡುಗೆಗೂ ಬರಲ್ಲ ಅಂತ ನೀವೇ ಹೇಳಿದ್ರಿ. ಕದ್ದು ಅವನೇನು ತಲೆಗೆ ಹಾಕ್ಕೋತಾನಾ? ಅವನ ಕೆಲಸ ಹೋದ್ರೆ ಆ ಮಗೂನ ಕರ್ಕೊಂಡು ಎಲ್ಲಿಗೆ ಹೋಗ್ತಾನೆ, ಅದನ್ನ ಹೇಳಿ.”

ಕಳ್ಳನ ಕೈ ತಾಗದ ಉಪ್ಪು ಒಣಗಿಯೇ ಇರುತ್ತದೆಂದು ತೋರಿಸಲು ಪಂಡಿತರು ಒಂದು ಪ್ರಯೋಗ ಹೂಡಿದರು. ಮರುದಿನ ಒಂದು ಮೂಟೆಯ ನಡುವಿನಿಂದ ಇನ್ನೂ ಒಣಗಿದ್ದ ಚಕ್ಕೆಗಳನ್ನು ಆರಿಸಿ ಮನೆಗೆ ತಂದರು. ಬೋಗುಣಿಗೆ ಹಾಕಿ, ತೂಗಿ, ಸಾಮಾನಿನ ಕೋಣೆಯ ಕಿಟಕಿಯ ಬಳಿ ಇಟ್ಟರು. ಸರಳುಗಳಿದ್ದ ಕಿಟಕಿಯನ್ನು ಉಪ್ಪಿನ ಉಸಿರಿಗೆಂದು ತೆರೆದರು. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಕೀಲಿಯನ್ನು ಜೇಬಿಗಿಳಿಸಿದರು. “ನೋಡ್ತಿರು. ಇಲ್ಲಿ ಹೇಗೆ ಒಣಗಿರುತ್ತೆ ಅಂತ,” ಎಂದರು ಹೆಂಡತಿಗೆ.

ಮರುದಿನ ಸಂಜೆ ಬೀಗ ತೆಗೆದರು. ಬೋಗುಣಿಯಲ್ಲಿ ನೀರಿತ್ತು. ಅದರ ನಡುವೆ ನಾಲ್ಕು ಚಕ್ಕೆಗಳು ಮುಳುಗುವವರ ಹಾಗೆ ತಲೆಯೆತ್ತಿದ್ದವು. ತೂಗಿದರೆ ತೂಕ ಹೆಚ್ಚಿತ್ತು.

ಹೆಂಡತಿ ಬಾಗಿಲಿಗೆ ಒರಗಿ ಕೇಳಿದರು: “ಕೀಲಿ ಎಲ್ಲಿತ್ತು?”

“ನನ್ನ ಜೇಬಲ್ಲಿ.”

“ಮಲಗಿದಾಗ?”

“ದಿಂಬಿನ ಕೆಳಗೆ.”

“ಹಾಗಾದ್ರೆ ನೀರು ಹೊಯ್ದೋರು ಯಾರು?”

ಪಂಡಿತರು ಕುಕ್ಕುರುಗಾಲಲ್ಲಿ ಕೂತರು. ಸೂರು ನೋಡಿದರು, ಒಣಗಿತ್ತು. ಗೋಡೆ ಮುಟ್ಟಿದರು, ಒಣಗಿತ್ತು. ತಾವು ನಿದ್ದೆಯಲ್ಲಿ ಎದ್ದು ಓಡಾಡುವವರೇ ಎಂದು ಹೆಂಡತಿಯನ್ನು ಕೇಳಬೇಕೆನಿಸಿತು, ಧೈರ್ಯ ಸಾಲಲಿಲ್ಲ. ಕಾವಲುಗಾರ ಕಳ್ಳನೆಂದು ಹೇಳಿದ ಅದೇ ಲೆಕ್ಕದಲ್ಲಿ ಈಗ ಕಳ್ಳ ತಾವೇ. ಬೋಗುಣಿಯನ್ನು ಚರಂಡಿಗೆ ಚೆಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ತಮ್ಮ ಮಾನ ಉಳಿಯುತ್ತದೆ, ಹಿಂಬದಿಯ ಕೋಣೆಯವನ ಕೆಲಸ ಹೋಗುತ್ತದೆ. ಒಪ್ಪಿಕೊಂಡರೆ ಅವನದು ಉಳಿದು ತಮ್ಮದು ಹೋಗುತ್ತದೆ. ಗೋಡೆಯಾಚೆ ಕೂಸು ಅಳುತ್ತಿತ್ತು.

ಮೇಡಂ ಊರಿಂದ ಬಂದ ಬೆಳಿಗ್ಗೆ ಪಂಡಿತರು ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮೇಜಿನ ಮುಂದೆ ನಿಂತರು.

“ಮೇಡಂ, ಕಾವಲುಗಾರ ಕದ್ದಿಲ್ಲ. ಕದ್ದಿದ್ರೆ ನಾನೇ ಕದ್ದಿರಬೇಕು. ಆದ್ರೆ ನಾನೂ ಕದ್ದಿಲ್ಲ.”

ಏನು ಕಳುವಾಗಿದೆ ಎಂದು ಮೇಡಂಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕೇಳಿದರು: “ಮೂಟೆಗಳ ಬಾಯಿ ಕಟ್ಟಿದ್ರಾ?”

“ಬಿಚ್ಚಿದ್ದೆ. ಉಪ್ಪಿಗೆ ಗಾಳಿ ಬೇಕಲ್ಲ.”

“ಈ ಉಪ್ಪಿಗೆ ಗಾಳಿಯೇ ಆಗಬಾರದು. ಗಾಳೀಲಿರೋ ನೀರನ್ನ ಎಳ್ಕೊಂಡು ಅದರಲ್ಲೇ ತಾನು ಕರಗಿಹೋಗುತ್ತೆ.”

“ಗಾಳೀಲಿ ನೀರೆಲ್ಲಿದೆ ಮೇಡಂ?”

“ಐಸ್ ಹಾಕಿದ ಲೋಟದ ಹೊರಗೆ ಹನಿ ಕೂರಲ್ವಾ, ಅದು ಗಾಳಿಯ ನೀರೇ.”

“ಅದು ಲೋಟದ್ದು ಅಂದ್ಕೊಂಡಿದ್ದೆ.”

“ಮಣ್ಣು ರಸ್ತೆಗೂ ಇದನ್ನೇ ಎರಚ್ತಾರೆ. ತೇವ ಹಿಡಿದಿಡುತ್ತೆ, ಧೂಳು ಏಳಲ್ಲ. ಬಟ್ಟೆಗೆ ಬೂಷ್ಟು ಹಿಡೀಬಾರದು ಅಂತ ಬೀರುವಿನೊಳಗೆ ಇಡ್ತಾರಲ್ಲ ಡಬ್ಬಿ, ಅದರಲ್ಲೂ ಇದೇ.”

“ಅಂದ್ರೆ ಇದು ಒದ್ದೆ ಮಾಡೋದೋ, ಒಣಗಿಸೋದೋ?”

“ಎರಡೂ.”

ಪಂಡಿತರು ಬೋಗುಣಿಯನ್ನು ನೋಡಿದರು. ಬಿಸಿಯಾಗಿ ತಣ್ಣಗೆ ಮಾಡುವುದು, ಒದ್ದೆಯಾಗಿ ಒಣಗಿಸುವುದು, ಬೀಗ ಹಾಕಿದರೂ ಹೆಚ್ಚುವುದು. ಇದನ್ನು ಉಪ್ಪು ಎಂದವನು ಯಾರು?

“ಎಷ್ಟು ನಷ್ಟ ಮೇಡಂ?”

“ನೆಲಕ್ಕೆ ಹರಿದಷ್ಟು ಹೋಯಿತು. ಮಿಕ್ಕಿದ್ದನ್ನ ತೊಟ್ಟಿಗೆ ಸುರಿಸಿ, ಉಪ್ಪುನೀರು ಎಷ್ಟು ಗಟ್ಟಿಯಾಗಿದೆ ಅಂತ ನಾನು ಅಳತೆ ನೋಡ್ತೀನಿ. ಹೇಗಿದ್ರೂ ನೀರಲ್ಲಿ ಕರಗಿಸೋಕೆ ತಾನೇ ತಂದಿದ್ದು.” ಆಮೇಲೆ ಕನ್ನಡಕದ ಮೇಲಿಂದ ನೋಡಿದರು. “ಕಾವಲುಗಾರ ಎಲ್ಲಿ?”

“ಮನೇಲಿ. ನಾನೇ ಕಳಿಸಿದ್ದೆ.”

“ಕಳಿಸಿದೋರೇ ಕರ್ಕೊಂಡು ಬನ್ನಿ.”

ಭಾವಮೈದುನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಎಲ್ಲ ಕೇಳಿ, ತಲೆಯೆತ್ತದೆ ಹೇಳಿದ: “ನಾನು ಬರಲ್ಲ ಭಾವ.”

“ಮೇಡಂ ಕರೆದಿದ್ದಾರೆ ಕಣೋ.”

“ಸಂಜೆ ಗೇಟಲ್ಲಿ ನಿಂತು ಹಮಾಲರ ಚೀಲ ಬಿಚ್ಚಿಸಿ ನೋಡೋದು ನನ್ನ ಕೆಲಸ. ಕಳ್ಳ ಅನ್ನಿಸಿಕೊಂಡೋನ ಮುಂದೆ ಯಾರು ಚೀಲ ಬಿಚ್ತಾರೆ? ಅವರ ಮುಂದೆ ಅಂದಿದ್ದನ್ನ ಅವರ ಮುಂದೇನೇ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ.”

ಒಳಗಿನಿಂದ ಪಂಡಿತರ ಹೆಂಡತಿಯ ಬಳೆ ಸದ್ದು ಕೇಳಿಸುವುದು ನಿಂತಿತು. “ಸರಿ, ಸಂಜೆ ಗೇಟಿನ ಹತ್ರ ಬಾ,” ಎಂದರು ಪಂಡಿತರು.

ಸಂಜೆ ಕೆಲಸ ಬಿಟ್ಟು ಗೇಟಿನ ಬಳಿ ಸೇರಿದ ಹಮಾಲರ ಮುಂದೆ ಅವರು ಅಭ್ಯಾಸದಂತೆ ಪಾಠದಿಂದಲೇ ಶುರು ಮಾಡಿದರು. “ನೋಡ್ರಪ್ಪಾ, ಗಾಳಿಯಲ್ಲಿ ನೀರಿರುತ್ತೆ.”

“ಎಲ್ಲಿ?” ಎಂದು ಹಿರಿಯ ಹಮಾಲ ಆಕಾಶ ನೋಡಿದ.

“ಲೋಟದ ಹೊರಗೆ ಇರುತ್ತಲ್ಲ, ಅದು. ಉಪ್ಪು ಅದನ್ನ ಕುಡಿದು, ಅಂದ್ರೆ ಉಪ್ಪನ್ನ ಅದು ಕುಡಿದು...”

“ಯಾರು ಯಾರನ್ನ ಕುಡಿದ್ರು ಪಂಡಿತರೇ?”

“ಅದು ಧೂಳಿಗೂ ಒಳ್ಳೇದು, ಬಟ್ಟೆಗೂ ಒಳ್ಳೇದು...” ಎನ್ನುತ್ತ ಪಂಡಿತರು ಸುತ್ತ ನೋಡಿದರು. ಮಾತಿನ ಹಗ್ಗ ಸಿಕ್ಕುಬಿದ್ದಿತ್ತು, ತುದಿ ಕಾಣುತ್ತಿರಲಿಲ್ಲ. ಭಾವಮೈದುನ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ, ಗೇಟಿನೊಳಗೆ ಇನ್ನೂ ಕಾಲಿಟ್ಟಿರಲಿಲ್ಲ.

ಪಂಡಿತರು ಪಾಠ ನಿಲ್ಲಿಸಿದರು.

“ನನಗೆ ಗೊತ್ತಿರಲಿಲ್ಲ,” ಎಂದರು. “ಈಗಲೂ ಸರಿಯಾಗಿ ಗೊತ್ತಾಗಿಲ್ಲ. ಮೂಟೆ ಬಾಯಿ ಬಿಚ್ಚಿ ಹಾಳು ಮಾಡಿದ್ದು ನಾನು. ಅಲ್ಲಿ ನಿಂತಿದ್ದಾನಲ್ಲ, ಅವನು ನೆಲ ಒರೆಸಿದ. ಅವನ ಮೇಲೆ ಸುಮ್ಮಸುಮ್ಮನೆ ಗೂಬೆ ಕೂರಿಸಿದೆ. ತಪ್ಪು ನನ್ನದು.”

ಯಾರೂ ನಗಲಿಲ್ಲ. ಅದು ಪಂಡಿತರನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ನಗುತ್ತಾರೆಂದು ಅವರು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದರು.

ಭಾವಮೈದುನ ರಸ್ತೆ ದಾಟಿ ಬಂದು ಗೇಟಿನ ಪಕ್ಕದ ತನ್ನ ಜಾಗದಲ್ಲಿ ನಿಂತ. ಹಿರಿಯ ಹಮಾಲ ಸಾಲಿನಲ್ಲಿ ಮುಂದೆ ಬಂದು, ಕೇಳುವ ಮೊದಲೇ ಊಟದ ಚೀಲದ ಬಾಯಿ ಅಗಲಿಸಿ ಹಿಡಿದ.

“ನೋಡ್ಕೊಳ್ಳಪ್ಪಾ.”

ಭಾವಮೈದುನ ಬಗ್ಗಿ ಚೀಲದೊಳಗೆ ನೋಡಿದ. “ಸರಿ, ಹೋಗಿ ಅಣ್ಣಾ,” ಎಂದ. ಹಿಂದಿನವನು ತನ್ನ ಚೀಲ ಬಿಚ್ಚತೊಡಗಿದ.