ಮೈಕ್‌ಸೆಟ್ಟಿನವರ ಫ್ರೆಂಚ್ ಹಾಡು

ಕೊಳ್ಳೇಗಾಲದ ಮೈಕ್‌ಸೆಟ್ಟಿನವರು ಪ್ರತಿ ಮದುವೆಯಲ್ಲೂ ದೇವರ ಹಾಡು ಮುಗಿದ ಮೇಲೆ ಒಂದು ಫ್ರೆಂಚ್ ರೆಕಾರ್ಡು ಹಾಕುತ್ತಿದ್ದರು. ಇಸವಿ ಅರವತ್ತೇಳೋ ಅರವತ್ತೆಂಟೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಹಾಡುವ ಹುಡುಗಿ ಸೀನು ತಡೆದುಕೊಂಡವಳಂತೆ ಹಾಡುತ್ತಿದ್ದಳು. ಮೈಸೂರಿನಲ್ಲಿ ಎಂ.ಎ. ಓದಿದ ಗತ್ತಿನಲ್ಲಿ, “ಫ್ರಾನ್ಸ್ ದಾಟಿದರೆ ಇವಳನ್ನು ಯಾರೂ ಕೇಳುವುದಿಲ್ಲ” ಎಂದು ನಾನು ಆಗಾಗ ಹೇಳುತ್ತಿದ್ದೆ.

“ನಾ ಕೇಳಿಸ್ತೀನಿ ಬುಡಿ ಸಾ” ಎನ್ನುತ್ತಿದ್ದರು ಮೈಕ್‌ಸೆಟ್ಟಿನವರು.

ಮಧುವನಹಳ್ಳಿಯ ಮದುವೆಯಲ್ಲಿ ಹೆಣ್ಣಿನ ತಂದೆ ಗೌಡರು ರೇಗಿದರು. “ಅರ್ಥ ಆಗ್ದಿರೋದ್ನ ತೆಗಿಲಾ. ಇಲ್ದಿದ್ರೆ ಸೆಟ್ಟು ಬಿಚ್ಕಂಡು ಓಗು.”

“ಐನೋರ ಮಂತ್ರ ನಿಮ್ಗೆ ಅರ್ಥ ಆಯ್ತದಾ ಗೌಡ್ರೇ?”

ಚಪ್ಪರದಲ್ಲಿ ಎಲ್ಲರೂ ನಕ್ಕರು, ಗೌಡರು ನಗಲಿಲ್ಲ. ಹಾಡು ಮುಗಿಯುವವರೆಗೆ ಮೈಕ್‌ಸೆಟ್ಟಿನವರು ರೆಕಾರ್ಡಿಗೆ ಅಡ್ಡವಾಗಿ ನಿಂತರು. ಆಮೇಲೆ ತಾವೇ ತೆಂಗಿನ ಮರ ಹತ್ತಿ ಹಾರ್ನ್ ಸ್ಪೀಕರು ಬಿಚ್ಚಿದರು. ಆ ಮದುವೆಯ ಮುಹೂರ್ತ ಮೈಕಿಲ್ಲದೆ ನಡೆಯಿತು.